ಅಚ್ಚಿನ ಮುಖ

"ಗುರುಗಳೇ, ಅಭ್ಯಾಸದಿಂದ ಕೇಡಾಗುವುದುಂಟೇ?" ಎಂದು ಶಿಷ್ಯ ಕೇಳಿದ.

ಅವನು ಮಠದ ಗೋಡೆಗಳಿಗೆ ಚಿತ್ರ ಬರೆಯುವವನು. ದಿನವೂ ಬೆಳಿಗ್ಗೆ ಒಂದು ಚಿತ್ರ ಬರೆದ ಮೇಲೆಯೇ ಉಳಿದ ಕೆಲಸಕ್ಕೆ ಕೈ ಹಾಕುವವನು. ಅಂದು ಅವನ ಕೈಯಲ್ಲಿ ಕುಂಚವಿರಲಿಲ್ಲ.

ಗುರುಗಳು ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. "ಯಾಕೆ ಕೇಳಿದೆ?" ಎಂದರು.

"ದಿನವೂ ಬರೆಯುತ್ತೇನೆ. ಕೈ ಪಳಗಿದೆ. ಆದರೆ ನಾನು ಬಯಸಿದ್ದು ಬರುವುದಿಲ್ಲ. ಬಯಸದೆ ಇದ್ದದ್ದು ಬರುತ್ತದೆ. ಅದೂ ದಿನದಿನಕ್ಕೆ ಚೆನ್ನಾಗಿ ಬರುತ್ತದೆ. ನನಗೆ ಹೆದರಿಕೆಯಾಗುತ್ತಿದೆ."

ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿದರು. "ಕೂತುಕೋ" ಎಂದು ಹೇಳಿ ಈ ಕತೆಯನ್ನು ಹೇಳಿದರು.

ಒಂದು ಹೊಳೆ. ಹೊಳೆಯ ದಂಡೆಯಲ್ಲಿ ಒಂದು ಊರು. ಆ ಊರಿನಲ್ಲಿ ಬಟ್ಟೆಗೆ ಅಚ್ಚೊತ್ತುವವರ ಕೇರಿಯೊಂದಿತ್ತು. ಕೇರಿಯ ಕೊನೆಯ ಮನೆಯಲ್ಲಿ ಅಕ್ಕ ತಂಗಿ ಇಬ್ಬರೇ ಇದ್ದರು. ಅಕ್ಕನ ಹೆಸರು ಸಿದ್ದವ್ವ, ತಂಗಿಯ ಹೆಸರು ಹೂವಿ. ತಾಯಿ ತಂದೆ ಬಹಳ ಹಿಂದೆಯೇ ತೀರಿಕೊಂಡಿದ್ದರು. ಹೂವಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಸಿದ್ದವ್ವನೇ. ಯಾರಾದರೂ ತನ್ನ ಮದುವೆಯ ಮಾತೆತ್ತಿದರೆ, "ಇವಳದ್ದು ಮೊದಲಾಗಲಿ" ಎನ್ನುತ್ತಿದ್ದಳು.

ಅಚ್ಚುಗಳನ್ನು ಕೊರೆಯುವವನು ಬಡಗಿ. ಅವನು ಕೊರೆದು ಕೊಟ್ಟ ಹೂವು, ಬಳ್ಳಿ, ಮಾವಿನಕಾಯಿಯ ಅಚ್ಚುಗಳನ್ನು ಬಣ್ಣದ ತಟ್ಟೆಯಲ್ಲಿ ಅದ್ದಿ, ಬಟ್ಟೆಯ ಮೇಲಿಟ್ಟು, ಮುಷ್ಟಿಯಿಂದ ಗುದ್ದುವುದು ಸಿದ್ದವ್ವನ ಕೆಲಸ. ಒತ್ತಿದ ಬಟ್ಟೆಯನ್ನು ಹೊಳೆಗೆ ಒಯ್ದು ಜಾಲಿಸಿ ತರುವುದು ಹೂವಿಯ ಕೆಲಸ.

ಒಂದು ದಿನ ಬೆಳಿಗ್ಗೆ ಹೂವಿ ಬಟ್ಟೆಯ ಗಂಟು ಹೊತ್ತು ಹೊಳೆಗೆ ಹೋದಳು. ಮೇಲಿನ ಸೀಮೆಯಲ್ಲಿ ಮಳೆ ಸುರಿದಿತ್ತು. ಊರಿನಲ್ಲಿ ಬಿಸಿಲಿದ್ದಾಗಲೇ ಹೊಳೆ ಒಮ್ಮೆಲೇ ಏರಿತು. ಮಧ್ಯಾಹ್ನದ ಹೊತ್ತಿಗೆ ಬಟ್ಟೆಗಳು ಕೆಳದಂಡೆಯ ಜೊಂಡಿನಲ್ಲಿ ಸಿಕ್ಕಿಕೊಂಡು ಕಂಡವು. ಹೂವಿ ಕಾಣಲಿಲ್ಲ.

ಕೇರಿಯವರು ಹುಡುಕಿದರು. ಅಂಬಿಗರು ಹರಿಗೋಲು ಹಾಕಿ ಹುಡುಕಿದರು. ಹೆಣವೂ ಸಿಗಲಿಲ್ಲ. ಕೇರಿಯ ಹಿರಿಯರು ಬಂದು, "ತಾಯಿ, ಅವಳ ಕಾರ್ಯ ಮುಗಿಸಿಬಿಡು" ಎಂದರು.

"ಕಣ್ಣಿಂದ ಕಾಣದೆ ಕಾರ್ಯ ಹೇಗೆ ಮಾಡಲಿ?" ಎಂದಳು ಸಿದ್ದವ್ವ. ಹಿರಿಯರು ಎದ್ದು ಹೋದರು.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಒಲೆ ಹಚ್ಚುತ್ತಿದ್ದಾಗ ಸಿದ್ದವ್ವ ತಂಗಿಯ ಮುಖವನ್ನು ನೆನೆಯಲು ನೋಡಿದಳು. ಮುಖ ಬರಲಿಲ್ಲ. ಮೂಗುಬೊಟ್ಟು ನೆನಪಾಯಿತು. ಜಡೆ ನೆನಪಾಯಿತು. ಕರೆದರೆ "ಆಂ" ಎನ್ನುತ್ತಿದ್ದ ದನಿ ನೆನಪಾಯಿತು. ಅವುಗಳ ನಡುವೆ ಮುಖವಿರಬೇಕಾದ ಜಾಗ ಬರಿದಾಗಿತ್ತು. ಹೊಳೆ ಒಯ್ದದ್ದು ಸಾಲದೆಂದು ಉಳಿದದ್ದನ್ನು ಮರೆವು ಒಯ್ಯುತ್ತಿದೆ ಎಂದು ಅವಳಿಗೆ ಅನ್ನಿಸಿತು.

ಮೂಲೆಯಲ್ಲಿ ಸವೆದ ಹಳೆಯ ಅಚ್ಚೊಂದು ಬಿದ್ದಿತ್ತು. ಅದನ್ನು ಕಲ್ಲಿನ ಮೇಲೆ ಉಜ್ಜಿ ಮಟ್ಟ ಮಾಡಿದಳು. ಬಡಗಿಯ ಮನೆಗೆ ಹೋಗಿ ಒಂದು ಸಣ್ಣ ಉಳಿ ಕೇಳಿ ತಂದಳು. ಹೊಸ್ತಿಲ ಬೆಳಕಿನಲ್ಲಿ ಕುಳಿತು ತಂಗಿಯ ಮುಖವನ್ನು ಕೊರೆದಳು. ಕಪ್ಪು ಹಚ್ಚಿ ಹರಕು ಬಟ್ಟೆಯ ಮೇಲೆ ಒತ್ತಿ ನೋಡಿದಳು. ಕಣ್ಣಿಟ್ಟ ಕುಂಬಳಕಾಯಿಯ ಹಾಗಿತ್ತು. ನೀರಿಗೆ ಹೊರಟ ಹೆಂಗಸರು ಇಣುಕಿ ನೋಡಿ ನಕ್ಕರು.

ಮರುದಿನ ಬೆಳಿಗ್ಗೆ ಅದನ್ನು ಉಜ್ಜಿ ಅಳಿಸಿದಳು. ಮತ್ತೆ ಕೊರೆದಳು. ಮತ್ತೆ ಒತ್ತಿದಳು. ಅದೇ ಅವಳ ನೇಮವಾಯಿತು. ಹೊತ್ತು ಹುಟ್ಟುವಾಗ ಒಂದು ಅಚ್ಚು, ಬಟ್ಟೆಯ ಮೇಲೆ ಅದರದೊಂದು ಒತ್ತು. ನೋಡಿ, ಅಳಿಸಿ, ಬಳಿಕ ಹೊಟ್ಟೆಪಾಡಿನ ಕೆಲಸ. ಜ್ವರ ಬಂದ ದಿನವೂ ಬಿಡಲಿಲ್ಲ. ಉಜ್ಜಿ ಉಜ್ಜಿ ಮರ ತೆಳುವಾಗಿ ಸೀಳಿದರೆ ಬೇರೆ ತುಂಡು ತಂದಳು.

ಕೈ ಕಲಿಯಿತು. ಮರದ ಎಳೆಗೆ ಅಡ್ಡ ಹೋದರೆ ಚಕ್ಕೆ ಏಳುತ್ತದೆ ಎಂಬುದನ್ನು ಕಲಿಯಿತು. ಅಚ್ಚಿನಲ್ಲಿ ಬಲಕ್ಕಿದ್ದದ್ದು ಬಟ್ಟೆಯಲ್ಲಿ ಎಡಕ್ಕೆ ಬೀಳುತ್ತದೆ ಎಂಬುದನ್ನು ಕಲಿಯಿತು. ಕಣ್ಣನ್ನು ಮಾಡಬೇಕಾದರೆ ಕಣ್ಣನ್ನು ಮುಟ್ಟಬಾರದು, ಅದರ ಸುತ್ತಲಿನದನ್ನು ತೆಗೆಯಬೇಕು ಎಂಬುದನ್ನು ಕಲಿಯಲು ಬಹಳ ಕಾಲ ಹಿಡಿಯಿತು. ನಗುತ್ತಿದ್ದ ಹೆಂಗಸರು ಈಗ ನಿಂತು ನೋಡಿ ಸುಮ್ಮನೆ ಹೋಗುತ್ತಿದ್ದರು.

ಒಂದು ದಿನ ಬಡಗಿ ಬಂದ. ಒತ್ತನ್ನು ಎತ್ತಿ ಬೆಳಕಿಗೆ ಹಿಡಿದ. "ಉಸಿರಾಡುವುದೊಂದು ಬಾಕಿ ಮಗಳೇ" ಎಂದ. ಆಮೇಲೆ, "ಯಾರು ಇವಳು?" ಎಂದು ಕೇಳಿದ.

"ಹೂವಿ, ಕಾಕಾ."

ಬಡಗಿ ಹೂವಿಯನ್ನು ಅವಳು ಹುಟ್ಟಿದಾಗಿನಿಂದ ಬಲ್ಲವನು. ಅವನು ಸಿದ್ದವ್ವನ ಮುಖ ನೋಡಿದ, ಒತ್ತನ್ನು ನೋಡಿದ. ಅದನ್ನು ಕೆಳಗಿಟ್ಟು ಹೋದ.

ಸಿದ್ದವ್ವನಿಗೂ ಅದು ಗೊತ್ತಿತ್ತು. ಅಚ್ಚಿನಲ್ಲಿ ಬರುತ್ತಿದ್ದವಳು ಬೇರೆ ಯಾರೋ. ಹಣೆ ಅಗಲ. ಒಂದು ಹುಬ್ಬು ತುಸು ಮೇಲೆ. ಕೆಳತುಟಿ ಬಿಗಿ. ಅಂಥ ಹೆಂಗಸನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ. ನಾಳೆ ಸರಿಯಾಗುತ್ತದೆ ಎಂದುಕೊಂಡಳು. ನಾಳೆಯೂ ಅವಳೇ ಬಂದಳು, ಇನ್ನಷ್ಟು ಸ್ಪಷ್ಟವಾಗಿ ಬಂದಳು. ಕೈ ಪಳಗಿದಷ್ಟೂ ಆ ಹೆಂಗಸು ಹತ್ತಿರವಾದಳು.

ಒಮ್ಮೆ ಉಳಿ ಜಾರಿತು. ಎಡಗಣ್ಣಿನ ಕೆಳಗೆ ಕೆನ್ನೆಯವರೆಗೆ ಒಂದು ಗೀರು ಬಿದ್ದಿತು. ಆ ದಿನದ ಅಚ್ಚು ಕೆಟ್ಟಿತೆಂದು ಸಿದ್ದವ್ವ ಅದನ್ನು ಉಜ್ಜಿ ಹಾಕಿದಳು. ಮರುದಿನ ಹೊಸದಾಗಿ ಕೊರೆದು ಮುಗಿಸಿದಳು. ಮುಖ ಏಕೋ ಅಪೂರ್ಣವಾಗಿ ಕಂಡಿತು. ಅವಳು ನೋಡುತ್ತಿದ್ದಂತೆಯೇ ಅವಳ ಕೈ ಮುಂದೆ ಹೋಗಿ, ಅದೇ ಜಾಗದಲ್ಲಿ, ಅದೇ ಗೀರನ್ನು ಎಳೆಯಿತು. ಈಗ ಮುಖ ಸರಿಯಾಯಿತು. ಅಂದಿನಿಂದ ಗೀರು ತಪ್ಪಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಅವಳಿಗೆ ಇನ್ನೊಂದು ಸಂಗತಿ ತಿಳಿಯಿತು. ಹೂವಿ ಎಂದು ನೆನೆದರೆ ಬರಿದಾದ ಜಾಗ ಈಗ ಕಾಣುತ್ತಿರಲಿಲ್ಲ. ಅಲ್ಲಿ ಒಂದು ಮುಖವಿತ್ತು. ಅಗಲ ಹಣೆ, ಏರಿದ ಹುಬ್ಬು, ಎಡಗೆನ್ನೆಯ ಮೇಲೆ ಗೀರು. ಮೂಗುಬೊಟ್ಟು ಹೂವಿಯದು, ಜಡೆ ಹೂವಿಯದು. ಮುಖ ಮಾತ್ರ ಅಚ್ಚಿನದು. ಹೂವಿಯ ಚಿಕ್ಕಂದಿನ ನೆನಪುಗಳಲ್ಲಿಯೂ, ತೊಟ್ಟಿಲಿನಲ್ಲಿಯೂ, ಅದೇ ಹೆಂಗಸು ಮಲಗಿ ಅವಳನ್ನು ನೋಡುತ್ತಿದ್ದಳು.

ಸಿದ್ದವ್ವ ಹೆದರಿದಳು. ಆದರೂ ಮರುದಿನ ಉಳಿ ಹಿಡಿದಳು. ಬಿಟ್ಟರೆ ಆ ಮುಖವೂ ಹೋದೀತು ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಊರೂರು ತಿರುಗುವ ಬಟ್ಟೆ ವ್ಯಾಪಾರಿಯೊಬ್ಬ ಆ ಒತ್ತುಗಳನ್ನು ಕಂಡ. ಈ ಮುಖವನ್ನೇ ಹಚ್ಚಡದ ಅಂಚಿಗೆ ಸಾಲಾಗಿ ಒತ್ತಿ ಕೊಡು ಎಂದು ಕೇಳಿದ. ಸಿದ್ದವ್ವ ಒತ್ತಿ ಕೊಟ್ಟಳು. ಅವನು ಹೊಳೆಯ ಕೆಳಸೀಮೆಯ ಸಂತೆಗಳಲ್ಲಿ ಮಾರಿ ಬಂದ.

"ವಿಚಿತ್ರವಾದ ಮಾಲು ತಾಯಿ" ಎಂದ. "ನೋಡಿದವರು ಕೊಳ್ಳದೆ ಹೋಗುವುದಿಲ್ಲ. ಕೊಂಡವರು ಹೊದೆಯುವುದಿಲ್ಲ. ಮಡಿಸಿ ಪೆಟ್ಟಿಗೆಯಲ್ಲಿಡುತ್ತಾರೆ. ಯಾಕೆ ಎಂದರೆ, ಹೊದ್ದು ಮಲಗಿದರೆ ಯಾರೋ ಪಕ್ಕದಲ್ಲಿ ಎಚ್ಚರವಾಗಿದ್ದಾರೆ ಅನ್ನಿಸುತ್ತದೆ ಎನ್ನುತ್ತಾರೆ."

ಕೆಲವು ಕಾಲ ಕಳೆಯಿತು. ಒಂದು ಮಧ್ಯಾಹ್ನ ಸಿದ್ದವ್ವ ಬಣ್ಣ ಕದಡುತ್ತಿದ್ದಳು. ಹೊಸ್ತಿಲಿಗೆ ನೆರಳು ಬಿತ್ತು. ಒಬ್ಬ ಹೆಂಗಸು ನಿಂತಿದ್ದಳು. ತಲೆಯ ಮೇಲಿನ ಸೆರಗನ್ನು ಮುಖ ಮುಚ್ಚುವಷ್ಟು ಎಳೆದುಕೊಂಡಿದ್ದಳು. ಕಾಲಿಗೆ ದೂರದ ಧೂಳು. ಕೈಯಲ್ಲಿ ಹಚ್ಚಡದ ಒಂದು ತುಂಡು.

"ಇದನ್ನು ಕೊರೆದವಳು ನೀನೇ ಏನು?" ಎಂದು ಕೇಳಿದಳು.

"ಹೌದು."

ಹೆಂಗಸು ಸೆರಗು ಸರಿಸಿದಳು. ಅಗಲ ಹಣೆ. ಏರಿದ ಹುಬ್ಬು. ಬಿಗಿದ ಕೆಳತುಟಿ. ಎಡಗಣ್ಣಿನ ಕೆಳಗೆ ಕೆನ್ನೆಯವರೆಗೆ ಒಂದು ಗೀರು.

ಬಣ್ಣದ ತಟ್ಟೆ ಸಿದ್ದವ್ವನ ಕೈಯಿಂದ ಬಿದ್ದು ಉರುಳಿತು. "ಯಾರು ನೀನು?" ಎಂದಳು.

"ಅದನ್ನು ಕೇಳಲೆಂದೇ ನಡೆದು ಬಂದೆ" ಎಂದಳು ಹೆಂಗಸು.

ಸಿದ್ದವ್ವ ಚಾಪೆ ಹಾಸಿದಳು, ನೀರು ಕೊಟ್ಟಳು. ಹೆಂಗಸು ಕುಡಿದು ತನ್ನ ಸಂಗತಿ ಹೇಳಿದಳು. ಹೊಳೆಯ ಕೆಳಸೀಮೆಯಲ್ಲಿ ಜನ ದೋಣಿಯಿಂದ ದಾಟುವ ಒಂದು ಕಡವು. ಅಲ್ಲಿ ಮಕ್ಕಳಿಲ್ಲದ ಮುದಿ ಅಂಬಿಗ, ಅವನ ಹೆಂಡತಿ. ಅವರ ಮನೆಯಲ್ಲಿ ಅವಳು ಮಗಳಂತೆ ಇದ್ದಳು. ಆಗ ಅವಳ ಮುಖ ಇದಾಗಿರಲಿಲ್ಲ.

"ಒಂದು ದಿನ ಹೊತ್ತು ಹುಟ್ಟುವಾಗ ಹಣೆಯ ಮೇಲೆ ಯಾರೋ ಕಡ್ಡಿಯಿಂದ ಗೀಚಿದಂತಾಯಿತು. ಮರುದಿನವೂ ಆಯಿತು. ದಿನವೂ ಅದೇ ಹೊತ್ತಿಗೆ. ಹಣೆಯಲ್ಲಿ, ತುಟಿಯಲ್ಲಿ, ಕಣ್ಣಿನ ಸುತ್ತ. ನೀರಿನಲ್ಲಿ ನೋಡಿಕೊಂಡರೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ನನಗೇ ನನ್ನ ಗುರುತು ಹತ್ತದಾಯಿತು. ಒಂದು ಬೆಳಿಗ್ಗೆ ಕೆನ್ನೆ ಸೀಳಿದಂತೆ ಉರಿಯಿತು. ಮುಟ್ಟಿದರೆ ಈ ಗೀರು."

ಸಿದ್ದವ್ವ ಕಣ್ಣು ಮುಚ್ಚಿಕೊಂಡಳು.

"ಮನೆಯವರು ಮೊದಮೊದಲು, ಯಾಕೆ ಇಳಿದುಹೋಗಿದ್ದೀ ಎಂದರು. ಆಮೇಲೆ ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟರು. ಒಂದು ದಿನ ನೀರು ತಂದು ಬಾಗಿಲಲ್ಲಿ ನಿಂತೆ. ಮುದುಕಿ ಬಂದು ನೋಡಿದಳು. 'ಯಾರಮ್ಮ ನೀನು? ನಮ್ಮ ಹುಡುಗಿ ನೀರಿಗೆ ಹೋಗಿದ್ದಾಳೆ. ಕೂತುಕೋ, ಈಗ ಬರುತ್ತಾಳೆ' ಎಂದಳು. ನಾನು ಜಗಲಿಯ ಮೇಲೆ ಕುಳಿತೆ. ಸಂಜೆಯವರೆಗೆ ಅವರ ಜೊತೆ ನಾನೂ ನನ್ನ ದಾರಿ ಕಾದೆ. ಅವಳು ಬರಲಿಲ್ಲವೆಂದು ಮುದುಕಿ ಅಳತೊಡಗಿದಾಗ ಎದ್ದು ಬಂದೆ."

ಹೆಂಗಸು ಕೈಯಲ್ಲಿದ್ದ ತುಂಡನ್ನು ನೆಲದ ಮೇಲೆ ಹರಡಿದಳು. "ಸಂತೆಯಲ್ಲಿ ಇದನ್ನು ಕಂಡೆ. ವ್ಯಾಪಾರಿ ನಿನ್ನ ಕೇರಿಯ ದಾರಿ ಹೇಳಿದ. ನನ್ನ ಮುಖ ನನಗೆ ಕೊಡು."

"ನಿನ್ನ ಮುಖವನ್ನು ನಾನು ಕಂಡೇ ಇಲ್ಲವಲ್ಲ, ತಂಗಿ" ಎಂದಳು ಸಿದ್ದವ್ವ.

"ನಾನು ಹೇಳುತ್ತೇನೆ. ನೀನು ಕೊರೆ."

ಮರುದಿನ ಬೆಳಿಗ್ಗೆ ಇಬ್ಬರೂ ಹೊಸ್ತಿಲಲ್ಲಿ ಎದುರುಬದುರು ಕುಳಿತರು. ಹೆಂಗಸು ತನ್ನ ಮುಖವನ್ನು ಬೆರಳಿನಿಂದ ತಡವಿ ತಡವಿ ಹೇಳಿದಳು. "ಹಣೆ ಇಷ್ಟೇ ಇತ್ತು. ಕೈಯಿಟ್ಟರೆ ಮೂರು ಬೆರಳಿಗೆ ಕೂದಲು ಸಿಗುತ್ತಿತ್ತು." ಸಿದ್ದವ್ವ ಉಳಿಯಿಟ್ಟಳು. ಕೈ ಅವಳ ಮಾತು ಕೇಳಲಿಲ್ಲ. ದಾರಿ ಬಲ್ಲ ಎತ್ತು ನೊಗ ಹೊತ್ತು ಮನೆಯ ಕಡೆಗೇ ಓಡುವಂತೆ, ಅದು ಅಗಲ ಹಣೆಯ ಕಡೆಗೇ ಓಡಿತು. ಅವಳು ಅದನ್ನು ತಡೆದಳು. ತಡೆದಲ್ಲಿ ಗೆರೆ ಮುರಿಯಿತು. ಅಂದಿನ ಒತ್ತು ಮತ್ತೆ ಕಣ್ಣಿಟ್ಟ ಕುಂಬಳಕಾಯಿಯೇ ಆಯಿತು.

ಆದರೆ ಸಿದ್ದವ್ವ ನೋಡಿದ್ದು ಒತ್ತನ್ನಲ್ಲ. ಅವಳು ಅಚ್ಚಿನ ಹಣೆಗೆ ಉಳಿ ಇಟ್ಟಾಗ ಎದುರಿನ ಹೆಂಗಸಿನ ಹಣೆ ನಡುಗಿತ್ತು. ಈಗ ಅಲ್ಲಿ ಮುಳ್ಳು ಗೀರಿದಂತೆ ಒಂದು ಕೆಂಪು ಗೆರೆಯಿತ್ತು.

ಸಿದ್ದವ್ವ ಉಳಿಯನ್ನು ಎಸೆದಳು. "ಇದು ನನ್ನಿಂದಾಗದು" ಎಂದಳು. ತಾನು ಕೂತು ಕೊರೆದ ಬೆಳಗುಗಳೆಲ್ಲ ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದವು. ಕೈ ಕಲಿಯುತ್ತಿದೆ ಎಂದು ಹಿಗ್ಗಿದ ಬೆಳಗುಗಳೂ ಬಂದವು.

ಹೆಂಗಸು ಉಳಿಯನ್ನು ಹೆಕ್ಕಿ ತಂದು ಅವಳ ಕೈಯಲ್ಲಿಟ್ಟಳು. "ನೀನು ಕಾಣದೆ ಕೊರೆಯುವಾಗ ತಾಳಿಕೊಂಡೆ. ನನ್ನ ಎದುರಿಗೆ ಕೂತು ಕೊರೆದರೆ ತಾಳಲಾರೆನೇ? ಕೊರೆ."

ಅವಳು ಆ ಮನೆಯಲ್ಲಿಯೇ ಉಳಿದಳು. ಹಗಲು ಬಟ್ಟೆ ಹಿಂಡಿ ಒಣಹಾಕುತ್ತಿದ್ದಳು. ಹೊಳೆಯ ಕಡೆಗೆ ಮಾತ್ರ ಹೋಗುತ್ತಿರಲಿಲ್ಲ. ಬೆಳಿಗ್ಗೆ ಇಬ್ಬರೂ ಹೊಸ್ತಿಲಿಗೆ ಬರುತ್ತಿದ್ದರು. ದಿನವೂ ಒಂದು ಅಚ್ಚು, ಒಂದು ಒತ್ತು. ಹೆಂಗಸು ನೋಡಿ ತಲೆಯಾಡಿಸುತ್ತಿದ್ದಳು. "ಅಲ್ಲ." ಸಿದ್ದವ್ವ ಅಳಿಸುತ್ತಿದ್ದಳು.

ಒಂದು ದಿನ ಸಿದ್ದವ್ವ ಕೇಳಿದಳು, "ಚಿಕ್ಕಂದಿನಲ್ಲಿ ನಿನ್ನನ್ನು ನೋಡಿ ಯಾರ ಹಾಗಿದ್ದೀ ಎನ್ನುತ್ತಿದ್ದರು? ಅದು ತಿಳಿದರೆ ಕೊರೆಯುವುದು ಸುಲಭವಾದೀತು."

"ಚಿಕ್ಕಂದು ನನಗೆ ಗೊತ್ತಿಲ್ಲ. ಆ ಅಂಬಿಗ ನನ್ನನ್ನು ನೆರೆಯ ನೀರಿನಿಂದ ಎತ್ತಿದವನು. ಅದಕ್ಕೂ ಮುಂಚಿನದು ಏನೂ ನೆನಪಿಲ್ಲ. ಹೆಸರೂ ಇಲ್ಲ."

ಸಿದ್ದವ್ವನ ಕೈ ನಿಂತಿತು. ಅವಳು ತಲೆಯೆತ್ತಿ ಆ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಹುಬ್ಬಿನಲ್ಲಿ ಹುಡುಕಿದಳು, ತುಟಿಯಲ್ಲಿ ಹುಡುಕಿದಳು. ಆ ಮುಖದಲ್ಲಿ ಹೂವಿ ಎಲ್ಲಿಯೂ ಇರಲಿಲ್ಲ. ಇದ್ದಿದ್ದರೆ, ಒಂದೊಂದು ಬೆಳಿಗ್ಗೆ ಒಂದೊಂದು ಗೆರೆಯಾಗಿ ಅವಳನ್ನು ಕೆತ್ತಿ ತೆಗೆದವಳು ತಾನೇ.

'ಹೂವಿ' ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡಳು. ತಾನು ಬಯಸಿದರೆ ಸಾಕು, ಕೈ ಆ ಬಯಕೆಯನ್ನೇ ಕೊರೆಯುತ್ತದೆ ಎಂಬುದನ್ನು ಅವಳು ಅರಿತಿದ್ದಳು. ಆ ದಿನದಿಂದ ಅವಳು ಹೆಂಗಸು ಹೇಳಿದ್ದನ್ನು ಬಿಟ್ಟು ಒಂದು ಕೂದಲೆಳೆಯನ್ನೂ ತನ್ನದಾಗಿ ಸೇರಿಸಲಿಲ್ಲ. ಹೆಂಗಸು ಸುಮ್ಮನಿದ್ದರೆ ಅವಳೂ ಉಳಿ ಎತ್ತಿ ಸುಮ್ಮನಿದ್ದಳು. ಕೆಲವು ಬೆಳಗುಗಳು ಒಂದೂ ಗೆರೆಯಿಲ್ಲದೆ ಕಳೆದವು. ಆಗಲೂ ಅವಳು ಬರಿದಾದ ಅಚ್ಚಿಗೆ ಕಪ್ಪು ಹಚ್ಚಿ ಬಟ್ಟೆಯ ಮೇಲೆ ಒತ್ತಿದಳು. ನೇಮ ಬಿಡಲಿಲ್ಲ.

ನೆನಪು ಹೆಂಗಸಿನ ಕೈಬೆರಳುಗಳಲ್ಲಿತ್ತು. "ಮಲಗುವಾಗ ಕೆನ್ನೆಯ ಕೆಳಗೆ ಕೈಯಿಡುತ್ತಿದ್ದೆ. ಹೆಬ್ಬೆರಳಿನ ಬುಡ ಇಲ್ಲಿ ಕೂರುತ್ತಿತ್ತು. ಈಗ ಕೂರುವುದಿಲ್ಲ." ಸಿದ್ದವ್ವ ಅವಳ ಹೆಬ್ಬೆರಳನ್ನು ಹಿಡಿದು ನೋಡಿ ಅಷ್ಟೇ ತಗ್ಗು ತೆಗೆದಳು. "ನಕ್ಕರೆ ಇಲ್ಲಿ ಮಡಿಕೆ ಬೀಳುತ್ತಿತ್ತು." "ನಗು, ನೋಡೋಣ" ಎಂದಳು ಸಿದ್ದವ್ವ. "ನಗುವಂಥದ್ದು ಏನಿದೆ?" ಎಂದು ಹೆಂಗಸು ಹೇಳಿದಳು. ಹೇಳುತ್ತಿದ್ದಂತೆ ತುಟಿಯ ತುದಿ ಅಲ್ಲಾಡಿತು. ಸಿದ್ದವ್ವ ಅದನ್ನು ಹಿಡಿದಳು.

ಒಂದು ಬೆಳಿಗ್ಗೆ ಒತ್ತನ್ನು ಎತ್ತಿ ಹೆಂಗಸಿನ ಕೈಗೆ ಕೊಟ್ಟಳು. ಹೆಂಗಸು ನೋಡಿದಳು. ತಲೆಯಾಡಿಸಲಿಲ್ಲ.

"ಇದೇ" ಎಂದಳು. "ನೀರಿನಲ್ಲಿ ನೋಡುತ್ತಿದ್ದವಳು ಇವಳೇ."

ಸಿದ್ದವ್ವ ಬಟ್ಟೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅಂದು ಒಲೆಯ ಮುಂದೆ ಕಳೆದುಹೋದ ಮುಖ ಅಲ್ಲಿತ್ತು. ಅದೇ ಕಿರಿದಾದ ಹಣೆ, ಅದೇ ಕೆನ್ನೆ. ಕರೆದರೆ "ಆಂ" ಎಂದು ಹೊರಳುವ ಕಣ್ಣು. ತೊಟ್ಟಿಲಿನಲ್ಲಿ ಮಲಗಿದ್ದ ಅಪರಿಚಿತೆ ಎದ್ದು ಹೋದಳು. ಅಲ್ಲಿ ಹೂವಿ ಬಂದು ಮಲಗಿದಳು.

ಸಿದ್ದವ್ವ ತಲೆಯೆತ್ತಿದಳು. ಎದುರಿಗೆ ಅಗಲ ಹಣೆಯ ಹೆಂಗಸೇ ಕುಳಿತಿದ್ದಳು. ಗೀರು ಹಾಗೆಯೇ ಇತ್ತು. ಮುಖದ ತುಂಬ ಸಣ್ಣ ಸಣ್ಣ ಕೆಂಪು ಗೆರೆಗಳಿದ್ದವು.

"ನಿನ್ನ ಹೆಸರು ಹೂವಿ" ಎಂದಳು ಸಿದ್ದವ್ವ. "ಈ ಮನೆಯಲ್ಲಿ ಹುಟ್ಟಿದೆ. ನಾನು ನಿನ್ನನ್ನು ಎತ್ತಿ ಆಡಿಸಿದೆ."

"ಇರಬಹುದು" ಎಂದಳು ಹೆಂಗಸು. "ನನಗೆ ನೆನಪಿಲ್ಲ."

"ನಾಳೆಯಿಂದ ದಿನವೂ ಇದನ್ನೇ ಕೊರೆಯುತ್ತೇನೆ. ಆ ಮುಖ ಬಂದ ಹಾಗೆ ಈ ಮುಖವೂ ತಿರುಗಿ ಬರುತ್ತದೆ. ಕೈಗೆ ಈಗ ದಾರಿ ಗೊತ್ತಾಗಿದೆ."

ಹೆಂಗಸು ಒತ್ತನ್ನು ಮತ್ತೊಮ್ಮೆ ನೋಡಿದಳು. ತನ್ನ ಕೆನ್ನೆಯ ಗೀರನ್ನು ಬೆರಳಿನಿಂದ ಮೇಲಿನಿಂದ ಕೆಳಗಿನವರೆಗೆ ಸವರಿದಳು. ಹಣೆಯ ಹೊಸ ಗೆರೆಯಿಂದ ಒಂದು ಹನಿ ರಕ್ತ ಹುಬ್ಬಿಗೆ ಇಳಿಯಿತು. ಅವಳು ಸಿದ್ದವ್ವನ ಮುಷ್ಟಿಯನ್ನು ಹಿಡಿದು, ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಉಳಿಯನ್ನು ತೆಗೆದು ನೆಲದ ಮೇಲಿಟ್ಟಳು.

"ಇನ್ನು ನನ್ನ ಮೇಲೆ ಉಳಿ ಆಡಿಸಬೇಡ, ಅಕ್ಕಾ" ಎಂದಳು.

ಅಕ್ಕ ಎಂಬ ಆ ಮಾತನ್ನು ಸಿದ್ದವ್ವ ಆ ನೆರೆಯ ದಿನದಿಂದ ಕೇಳಿರಲಿಲ್ಲ. ಅವಳು ಬಗ್ಗಿ ಸೆರಗಿನಿಂದ ಆ ಮುಖದ ರಕ್ತ ಒರೆಸಿದಳು. ಒರೆಸುತ್ತಾ ಅದನ್ನು ಮೊದಲ ಸಲ ಮುಖವಾಗಿ ನೋಡಿದಳು. ಹಣೆ ಅಗಲವಾಗಿತ್ತು. ಹುಬ್ಬು ಏರಿತ್ತು. ಅದು ನೊಂದ ಮುಖ. ಅದಕ್ಕೆ ಹಸಿವಾಗಿತ್ತು.

ಅವಳು ಎದ್ದು ಒಲೆ ಹಚ್ಚಿದಳು.

ಸುದ್ದಿ ಕೇಳಿ ಬಡಗಿ ಬಂದ. ಒತ್ತನ್ನು ನೋಡಿದೊಡನೆ, "ಹೂವಿ!" ಎಂದ. ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸನ್ನು ಇಣುಕಿ ನೋಡಿದ. ದನಿ ತಗ್ಗಿಸಿ ಹೇಳಿದ, "ಮಗಳೇ, ಬಟ್ಟೆಯ ಮೇಲಿರುವುದು ಹೂವಿ, ಅದು ನಿಜ. ಅಲ್ಲಿರುವವಳು ಹೂವಿ ಎಂದು ಹೇಗೆ ಹೇಳುತ್ತೀ? ನಿನ್ನೊಳಗೆ ಎಲ್ಲೋ ಅಡಗಿದ್ದದ್ದನ್ನು ನಿನ್ನ ಕೈ ಹುಡುಕಿ ಕೊರೆದಿರಬಹುದು. ಅವಳು ಯಾರೋ, ಎಲ್ಲಿಯವಳೋ."

"ಗೊತ್ತಿಲ್ಲ ಕಾಕಾ" ಎಂದಳು ಸಿದ್ದವ್ವ. "ಉಣ್ಣಲು ಇಬ್ಬರು ಕೂರುತ್ತೇವೆ."

ಆ ಅಚ್ಚನ್ನು ಅವಳು ಉಜ್ಜಲಿಲ್ಲ. ಮತ್ತೆ ಒತ್ತಲೂ ಇಲ್ಲ. ಇಬ್ಬರೂ ಸೇರಿ ಅದನ್ನು ಕಡವಿನ ಮುದುಕಿಗೆ ಒಯ್ದು ಕೊಟ್ಟು ಬಂದರು. ಮುದುಕಿ ಅಚ್ಚನ್ನು ತಡವಿ ನೋಡಿ, "ನಮ್ಮ ಹುಡುಗಿ" ಎಂದು ಎದೆಗೆ ಒತ್ತಿಕೊಂಡಳು. ತಂದವಳು ಯಾರೆಂದು ಕೇಳಲಿಲ್ಲ. ಹೆಂಗಸು ಅವಳ ಕಾಲುಮುಟ್ಟಿ ನಮಸ್ಕರಿಸಿ ತಿರುಗಿ ನಡೆದಳು.

ಸಿದ್ದವ್ವ ಕೊರೆಯುವುದನ್ನು ಬಿಡಲಿಲ್ಲ. ಹೊತ್ತು ಹುಟ್ಟುವಾಗ ಒಂದು ಅಚ್ಚು, ಒಂದು ಒತ್ತು. ಆದರೆ ಈಗ ಕಣ್ಣ ಮುಂದೆ ಇದ್ದದ್ದನ್ನು ಮಾತ್ರ ಕೊರೆಯುತ್ತಿದ್ದಳು. ನುಗ್ಗೆಯ ಎಲೆ. ನೀರಿನ ತಂಬಿಗೆ. ಗೋಡೆಯ ಹಲ್ಲಿ. ಪಕ್ಕದ ಮನೆಯ ಮೇಕೆ. ಅವಳು ಕೊರೆದಂಥ ಮೇಕೆಯನ್ನು ಆ ಸೀಮೆಯಲ್ಲಿ ಯಾರೂ ಕೊರೆದಿರಲಿಲ್ಲ ಎಂದು ಹೇಳುತ್ತಾರೆ. ಒತ್ತಿ ಮುಗಿದ ಮೇಲೆ ಅವಳು ಎದ್ದು ಹೋಗಿ ಮೇಕೆಯ ಕಿವಿಯನ್ನು ಮೆಲ್ಲಗೆ ತಿರುಗಿಸಿ, ಎಲ್ಲಿಯಾದರೂ ಗೀರು ಬಿದ್ದಿದೆಯೇ ಎಂದು ನೋಡುತ್ತಿದ್ದಳು. ಸಾಯುವವರೆಗೂ ನೋಡುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಕೊನೆಗೆ ಹೇಳಿದ, "ಹಾಗಾದರೆ ಗುರುಗಳೇ, ಅವಳು ಮೊದಲ ದಿನ ಉಳಿಯನ್ನೇ ಹಿಡಿಯಬಾರದಿತ್ತು."

"ಹಿಡಿಯದೆ ಇದ್ದಿದ್ದರೆ, ಆ ಹೆಣ್ಣು ಯಾರ ಮನೆಯ ದಾರಿ ಕೇಳಿಕೊಂಡು ಬರುತ್ತಿದ್ದಳು?" ಎಂದರು ಗುರುಗಳು.